ಮೊದಲ ದಿನದ ಬೆಲೆ

ಕ್ರಿಸ್ತಜಯಂತಿ ಹತ್ತಿರವಾಗುತ್ತಿದ್ದಂತೆ ನಮ್ಮ ಮನೆಗಳಲ್ಲಿ ಹೊಸ ಬಟ್ಟೆಯ ಮಾತು, ಕರ್ಜಿಕಾಯಿ ಚಕ್ಕುಲಿಗಳ ಮಾತು ಕೇಳಿಬರುವುದು ವಾಡಿಕೆ. ಈಗ ಕೆಲವು ವರ್ಷಗಳಿಂದ ಅದರ ಜೊತೆಗೆ ಇನ್ನೊಂದು ಮಾತು ಸೇರಿಕೊಂಡಿದೆ. ಕಾಲೇಜು ಓದುವ ಮಗನಿಗೋ, ಹೈಸ್ಕೂಲಿನ ಮಗಳಿಗೋ ಕಂಪ್ಯೂಟರಿನಲ್ಲಿ ಆಡುವ ಹೊಸ ಆಟ ಬೇಕು. ಬಿಡುಗಡೆಯಾದ ದಿನವೇ ಬೇಕು. ಪೂರ್ತಿ ಬೆಲೆ ಕೊಟ್ಟಾದರೂ ಬೇಕು. ಆಟ ಬೇಕೆನ್ನುವುದಕ್ಕೆ ನನ್ನ ತಕರಾರಿಲ್ಲ. ‘ಬಿಡುಗಡೆಯಾದ ದಿನವೇ’ ಎಂಬ ಎರಡು ಪದಗಳ ಮೇಲೆ ಮಾತ್ರ ನನ್ನ ಜಗಳ. ಆ ಎರಡು ಪದಗಳಿಗಾಗಿ ನಮ್ಮ ಜಿಲ್ಲೆಯ ತಂದೆತಾಯಂದಿರು ಒಂದಕ್ಕೆ ಎರಡು, ಕೆಲವೊಮ್ಮೆ ಒಂದಕ್ಕೆ ನಾಲ್ಕು ಪಟ್ಟು ಹಣ ತೆರುತ್ತಿದ್ದಾರೆ. ತೆತ್ತು, ಪಡೆಯಬೇಕಾದುದಕ್ಕಿಂತ ಕಡಿಮೆಯನ್ನು ಪಡೆಯುತ್ತಿದ್ದಾರೆ. ಕುಟುಂಬದ ಹಣದ ವಿಷಯದಲ್ಲಿ ಗುರುಗಳಿಗೇನು ಕೆಲಸ ಎಂದು ನೀವು ಕೇಳಬಹುದು. ಸಾಲ ತೀರಿಸಲಾಗದೆ ಬಂದು ಕುಳಿತವರ ಕಷ್ಟವನ್ನು ಕೇಳುವ ಕೆಲಸ ನಮಗಿರುವಾಗ, ಸಾಲ ಹುಟ್ಟುವ ಜಾಗದ ಬಗ್ಗೆ ಮಾತನಾಡುವ ಹಕ್ಕೂ ಸ್ವಲ್ಪ ಇರಬೇಕೆಂದು ನಾನು ಭಾವಿಸುತ್ತೇನೆ.

ಈ ವ್ಯಾಪಾರ ನಡೆಯುವ ಬಗೆ ಹಿರಿಯರಲ್ಲಿ ಬಹಳ ಮಂದಿಗೆ ತಿಳಿಯದು. ಕಂಪ್ಯೂಟರ್ ಆಟಗಳು ಈಗ ಹೆಚ್ಚಾಗಿ ತಟ್ಟೆಯ ರೂಪದಲ್ಲಿ ಅಂಗಡಿಗೆ ಬರುವುದಿಲ್ಲ. ಅಮೆರಿಕದ ವಾಲ್ವ್ ಎಂಬ ಕಂಪನಿ ನಡೆಸುವ ಸ್ಟೀಮ್ ಎಂಬ ಅಂತರ್ಜಾಲದ ಅಂಗಡಿಯೇ ಇವುಗಳ ದೊಡ್ಡ ಸಂತೆ. 2015ರ ನವೆಂಬರಿನಿಂದ ಅಲ್ಲಿ ನಮ್ಮ ರೂಪಾಯಿಯಲ್ಲೇ ಬೆಲೆ ನಮೂದಿಸುತ್ತಾರೆ. ದೊಡ್ಡ ಕಂಪನಿಯ ಹೊಸ ಆಟವೆಂದರೆ ಮೂರು ಸಾವಿರದಿಂದ ಐದು ಸಾವಿರ ರೂಪಾಯಿಯ ಮಾತು. ಆದರೆ ಇದೇ ಅಂಗಡಿಯಲ್ಲಿ ವರ್ಷಕ್ಕೆ ನಾಲ್ಕು ಬಾರಿ ದೊಡ್ಡ ರಿಯಾಯಿತಿ ಮಾರಾಟ ನಡೆಯುತ್ತದೆ: ಮಾರ್ಚಿನಲ್ಲಿ ಒಂದು, ಜೂನ್ ಕೊನೆಗೆ ಒಂದು, ಶರತ್ಕಾಲದಲ್ಲಿ ಒಂದು, ಡಿಸೆಂಬರಿನಲ್ಲಿ ಒಂದು. ನಡುನಡುವೆ ಚಿಕ್ಕಪುಟ್ಟವು ಬೇರೆ. ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬ ಹೆಸರಾಂತ ಆಟ ಕಂಪ್ಯೂಟರಿಗೆ ಬಂದದ್ದು 2019ರ ಕೊನೆಯಲ್ಲಿ. ನಂತರದ ವರ್ಷಗಳ ಮಾರಾಟಗಳಲ್ಲಿ ಅದರ ಬೆಲೆಯ ಮುಕ್ಕಾಲು ಭಾಗವನ್ನೇ ಇಳಿಸಿ ಮಾರಿದ್ದಾರೆ. ಅದೇ ಆಟ. ಒಂದು ಅಕ್ಷರ ಕಡಿಮೆಯಿಲ್ಲ.

ಯಾವಾಗ ಮಾರಬೇಕು ಎಂಬ ವಿದ್ಯೆ ನಮ್ಮವರಿಗೆ ಹೊಸದಲ್ಲ. ರಾಯಚೂರಿನ ಎಪಿಎಂಸಿಗೆ ಹತ್ತಿ ತರುವ ರೈತನು, ಎಲ್ಲರೂ ಒಮ್ಮೆಲೇ ತಂದಾಗ ದರ ಬೀಳುವುದನ್ನು ಬಲ್ಲ. ಕೈ ತಡೆದರೆ ನಾಲ್ಕು ಕಾಸು ಹೆಚ್ಚು ಸಿಗಬಹುದೆಂದು ಬಲ್ಲ. ತಡೆಯಲು ಶಕ್ತಿಯಿಲ್ಲದೆ ಮಾರಿ ಮನೆಗೆ ಬಂದು ಮರುಗುವುದನ್ನೂ ಬಲ್ಲ. ಮಾರುವಾಗ ಕಾಯುವ ಬೆಲೆಯನ್ನು ಇಷ್ಟು ಚೆನ್ನಾಗಿ ಅರಿತ ಮನೆಯ ಮಗನು, ಕೊಳ್ಳುವಾಗ ಒಂದು ವಾರವನ್ನೂ ಕಾಯಲಾರೆನೆಂದರೆ ಆ ಅವಸರ ಹೊರಗಿನಿಂದ ಬಂದದ್ದು. ಅದನ್ನು ಹಣ ಸುರಿದು ಬಿತ್ತಿದ್ದಾರೆ.

ಲೆಕ್ಕವನ್ನು ನಮ್ಮ ನೆಲದ ಅಳತೆಯಲ್ಲೇ ಮಾಡೋಣ. 2025–26ರಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ದೇವದುರ್ಗದ ಹಳ್ಳಿಯೊಂದರ ತಾಯಿ ಎಂಟು ದಿನ ಮಣ್ಣು ಹೊತ್ತರೆ 2,960 ರೂಪಾಯಿ. 2,999 ರೂಪಾಯಿಯ ಆಟಕ್ಕೆ ಇನ್ನೂ 39 ರೂಪಾಯಿ ಸಾಲದು. 2025ರಲ್ಲಿ ಬಿಟಿ ಹತ್ತಿಯ ಒಂದು ಪೊಟ್ಟಣಕ್ಕೆ ಸರ್ಕಾರ ನಿಗದಿಪಡಿಸಿದ ಗರಿಷ್ಠ ಬೆಲೆ 901 ರೂಪಾಯಿ. ಮೂರು ಪೊಟ್ಟಣ ಕೊಂಡರೂ ಆ ಆಟದ ಬೆಲೆಯಲ್ಲಿ ಸುಮಾರು ಮುನ್ನೂರು ಉಳಿಯುತ್ತದೆ. ಆಟ ಕೊಳ್ಳುವ ಮನೆಗಳೆಲ್ಲ ಕೂಲಿಯ ಮನೆಗಳಲ್ಲ, ನಿಜ. ಶಕ್ತಿನಗರದಲ್ಲಿ ನೌಕರಿಯಿರುವವರು, ಶಿಕ್ಷಕರು, ನರ್ಸ್ ಕೆಲಸಕ್ಕೆ ಹೊರದೇಶಕ್ಕೆ ಹೋದವರು ನಮ್ಮಲ್ಲೂ ಇದ್ದಾರೆ. ಅವರ ಸಂಬಳಕ್ಕೂ ಒಂದು ಮಿತಿಯಿದೆ. ಅವರಿಗೂ ಊರಿನಲ್ಲಿ ತಮ್ಮ ತಂಗಿಯರಿದ್ದಾರೆ.

ಈ ಅವಸರದ ಅತಿ ವಿಚಿತ್ರ ರೂಪ ಮುಂಗಡ ಬುಕಿಂಗ್. ಆಟ ಸಿದ್ಧವಾಗುವ ಮೊದಲೇ, ಯಾರೂ ಆಡಿ ನೋಡುವ ಮೊದಲೇ ಪೂರ್ತಿ ಹಣ ಕೊಡಿ ಎನ್ನುತ್ತಾರೆ. ಮುಂಗಾರಿಗೆ ಮುನ್ನ ಬೀಜದಂಗಡಿಯ ಮುಂದೆ ಬೆಳಗಿನ ಜಾವ ಸಾಲು ನಿಲ್ಲುವ ರೈತನಿಗೆ ಒಂದು ಕಾರಣವಿದೆ: ಬೇಕಾದ ತಳಿಯ ಪೊಟ್ಟಣ ಮುಗಿದುಹೋಗಬಹುದು, ಹದ ತಪ್ಪಿದರೆ ವರ್ಷವೇ ಹೋದೀತು. ಅಂತರ್ಜಾಲದ ಆಟ ಮುಗಿಯುವ ಸರಕೇ? ಹತ್ತು ಲಕ್ಷ ಮಂದಿ ಕೊಂಡರೂ ಹತ್ತು ಲಕ್ಷದ ಒಂದನೆಯವನಿಗೆ ಅದೇ ಪ್ರತಿ ಅಲ್ಲೇ ಇರುತ್ತದೆ. ಖಾಲಿಯಾಗದ ಗೋದಾಮಿನ ಮುಂದೆ ನಮ್ಮ ಮಕ್ಕಳನ್ನು ಸಾಲು ನಿಲ್ಲಿಸಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ‘ಸ್ಟಾರ್‌ಫೀಲ್ಡ್’ ಬಂದಾಗ, ಅಮೆರಿಕದ ಬೆಲೆಯಲ್ಲಿ ಮೂವತ್ತು ಡಾಲರ್ ಹೆಚ್ಚು ಕೊಟ್ಟವರಿಗೆ ಐದು ದಿನ ಮೊದಲೇ ಆಡಲು ಬಿಟ್ಟರು. ಜೊತೆಗೆ ಮುಂದೆ ಬರಲಿದ್ದ ಒಂದು ಅಧ್ಯಾಯ ಮತ್ತಿತರ ಸಾಮಗ್ರಿಯನ್ನೂ ಸೇರಿಸಿದ್ದರೆಂಬುದು ಬೇರೆ ಮಾತು. ಜನ ಮುಗಿಬಿದ್ದದ್ದು ಆ ಐದು ದಿನಗಳಿಗೆ.

ಹೀಗೆ ಅವಸರಪಟ್ಟು ಕೊಂಡವರಿಗೆ ಏನು ಸಿಕ್ಕಿತು ಎಂಬುದನ್ನೂ ನೋಡಬೇಕು. 2020ರ ಡಿಸೆಂಬರ್ 10ರಂದು ಪೋಲೆಂಡ್ ದೇಶದ ಸಿ.ಡಿ. ಪ್ರಾಜೆಕ್ಟ್ ಕಂಪನಿಯು ‘ಸೈಬರ್‌ಪಂಕ್ 2077’ ಎಂಬ ಆಟವನ್ನು ಬಿಡುಗಡೆ ಮಾಡಿತು. (ಅದು ವಯಸ್ಕರ ಆಟ, ಹೈಸ್ಕೂಲು ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಇಲ್ಲಿ ಅದರ ವ್ಯಾಪಾರವನ್ನಷ್ಟೇ ಹೇಳುತ್ತಿದ್ದೇನೆ.) ಬಿಡುಗಡೆಗೆ ಮೊದಲೇ ಎಂಬತ್ತು ಲಕ್ಷ ಮಂದಿ ಮುಂಗಡ ಕೊಟ್ಟಿದ್ದರು. ನಮ್ಮಲ್ಲಿ ಅದರ ಬೆಲೆ 2,999 ರೂಪಾಯಿ. ಆಟದ ತುಂಬ ದೋಷಗಳು. ಹಳೆಯ ಪ್ಲೇಸ್ಟೇಷನ್ ಯಂತ್ರಗಳಲ್ಲಂತೂ ಅದು ಆಡಲಾಗದ ಸ್ಥಿತಿಯಲ್ಲಿತ್ತು. ಬಿಡುಗಡೆಯಾಗಿ ಎಂಟು ದಿನ ಕಳೆಯುವುದರೊಳಗೆ ಸೋನಿ ಕಂಪನಿ ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿ, ಕೊಂಡವರಿಗೆ ಹಣ ಮರಳಿಸಿತು. ಮತ್ತೆ ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರಿನಲ್ಲಿ ದೊಡ್ಡ ತಿದ್ದುಪಡಿಯೊಂದು ಬಂದ ಮೇಲೆ ಎಲ್ಲರೂ ಅದನ್ನು ಹೊಗಳತೊಡಗಿದರು. ಆ ಹೊತ್ತಿಗೆ ಬೆಲೆ ಮಾರಾಟದ ದಿನಗಳಲ್ಲಿ ಅರ್ಧಕ್ಕೆ ಇಳಿದಿತ್ತು. ಅಂದರೆ ಎರಡೂಮುಕ್ಕಾಲು ವರ್ಷ ಸುಮ್ಮನಿದ್ದವನಿಗೆ ಅರ್ಧ ಬೆಲೆಯಲ್ಲಿ ಒಳ್ಳೆಯ ಆಟ. ನಂಬಿ ಮುಂಗಡ ಕೊಟ್ಟವನಿಗೆ ಪೂರ್ತಿ ಬೆಲೆಯಲ್ಲಿ ಅರೆಬೆಂದ ಆಟ. ನಿಷ್ಠಾವಂತ ಗಿರಾಕಿಯನ್ನೇ ದಂಡಿಸುವ ಬೇರೆ ಯಾವ ವ್ಯಾಪಾರವನ್ನಾದರೂ ನೀವು ಕಂಡಿದ್ದೀರಾ? ಮಾನ್ವಿಯ ಕಿರಾಣಿ ಅಂಗಡಿಯವನು ಹೀಗೆ ಮಾಡಿದರೆ ಮರುವಾರ ಅವನ ಅಂಗಡಿಯ ಮೆಟ್ಟಿಲು ಹತ್ತುವವರಿರಲಾರರು.

ಇದೊಂದೇ ಆಗಿದ್ದರೆ ಅಪವಾದವೆನ್ನಬಹುದಿತ್ತು. 2015ರ ಜೂನ್‌ನಲ್ಲಿ ‘ಬ್ಯಾಟ್‌ಮ್ಯಾನ್: ಆರ್ಕಮ್ ನೈಟ್’ ಆಟದ ಕಂಪ್ಯೂಟರ್ ಆವೃತ್ತಿ ಎಷ್ಟು ಕೆಟ್ಟಿತ್ತೆಂದರೆ ವಾರ್ನರ್ ಬ್ರದರ್ಸ್ ಕಂಪನಿಯೇ ಮಾರಾಟ ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಆರಂಭಿಸಿತು. 2024ರ ಆಗಸ್ಟ್ 23ರಂದು ಸೋನಿ ಬಿಡುಗಡೆ ಮಾಡಿದ ‘ಕಾಂಕಾರ್ಡ್’ ಎಂಬ ಆಟಕ್ಕೆ ಆಡುವವರೇ ಸಿಗಲಿಲ್ಲ. ಸೆಪ್ಟೆಂಬರ್ 6ಕ್ಕೆ ಬಾಗಿಲು ಹಾಕಿ ಹಣ ಹಿಂದಿರುಗಿಸಿದರು. ಎರಡು ವಾರದ ಆಯುಷ್ಯ! ಎರಡು ವಾರ ಕಾದವನು ಏನನ್ನೂ ಕಳೆದುಕೊಳ್ಳಲಿಲ್ಲ.

ಇನ್ನು ನಮ್ಮ ಊರುಗಳ ವಾಸ್ತವಕ್ಕೆ ಬರೋಣ. ‘ಬಾಲ್ಡರ್ಸ್ ಗೇಟ್ 3’ ಎಂಬ ಆಟಕ್ಕೆ ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಬೇಕೆಂದು ತಯಾರಕರೇ ಹೇಳುತ್ತಾರೆ. ರಾಯಚೂರು ನಗರದಲ್ಲಿ ಫೈಬರ್ ಸಂಪರ್ಕವಿರುವ ಮನೆಗೆ ಇದು ಒಂದು ರಾತ್ರಿಯ ಕೆಲಸ. ದೇವದುರ್ಗದ ಒಳಹಳ್ಳಿಯಲ್ಲಿ ದಿನಕ್ಕೆ ಎರಡು ಜಿಬಿಯ ಮೊಬೈಲ್ ರೀಚಾರ್ಜ್ ನಂಬಿ ಕುಳಿತ ಹುಡುಗನಿಗೆ? ಬೇರೇನನ್ನೂ ನೋಡದೆ, ವಾಟ್ಸಾಪನ್ನೂ ತೆರೆಯದೆ ಇಳಿಸಿಕೊಂಡರೂ ಸುಮಾರು ಎರಡೂವರೆ ತಿಂಗಳು. ನಡುವೆ ಕರೆಂಟು ಹೋಗುವುದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಮೊದಲ ದಿನದ ಬೆಲೆ ತೆತ್ತು ಎಪ್ಪತ್ತೈದನೆಯ ದಿನ ಆಟ ಆರಂಭಿಸುವ ಈ ಸೊಬಗನ್ನು ಏನೆಂದು ಕರೆಯೋಣ? ಇಳಿಸಿಕೊಂಡ ಮೇಲೆ ತಿಳಿಯುವುದು, ಕಾಲೇಜಿನ ಕೆಲಸಕ್ಕೆಂದು ಕೊಂಡ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲವೆಂದು. ಆಗ ಆಟದ ಮೂರು ಸಾವಿರದ ಹಿಂದೆ ಯಂತ್ರದ ಎಪ್ಪತ್ತು ಸಾವಿರ ಬಂದು ನಿಲ್ಲುತ್ತದೆ. ಕೊಳ್ಳುವ ಮೊದಲು ಆಟದ ಪುಟದ ಕೆಳಗೆ ಬರೆದಿರುವ ಯಂತ್ರದ ಅಗತ್ಯಗಳನ್ನು ಮಗನ ಕೈಯಲ್ಲೇ ಗಟ್ಟಿಯಾಗಿ ಓದಿಸಿ. ಬೆಲೆಯ ಮಾತು ಅದಾದ ಮೇಲೆ.

ಆದರೂ ‘ಎಲ್ಲರೂ ತೆಗೆದುಕೊಂಡಿದ್ದಾರೆ’ ಎಂಬ ಮಾತಿನೆದುರು ತಂದೆತಾಯಂದಿರು ಸೋಲುತ್ತಾರೆ. ದೇವದುರ್ಗದ ಕಡೆಯ ತಂದೆಯೊಬ್ಬರು ಪೂಜೆ ಮುಗಿದ ಮೇಲೆ ಬಂದು, “ಹುಡುಗ ದಿನಾ ಕೇಳಾಕತ್ತಾನ್ರಿ ಫಾದರ್, ಕ್ಲಾಸಿನ್ಯಾಗ ಎಲ್ಲಾರೂ ತಗೊಂಡಾರಂತ್ರಿ” ಎಂದರು. ಎಲ್ಲರೂ ಎಂದರೆ ಎಷ್ಟು ಮಂದಿ, ಕೇಳಿ ಬನ್ನಿ ಎಂದೆ. ಮರುವಾರ ನಗುತ್ತಾ ಬಂದರು: “ಮೂರು ಮಂದಿ ಅಂತ್ರಿ.” ಆ ಮೂವರಲ್ಲೊಬ್ಬನಿಗೆ ಅಣ್ಣನ ಖಾತೆಯಿಂದ ಆಟ ಬಂದಿತ್ತಂತೆ. ಹಾಗೆಂದು ಹುಡುಗನ ಮಾತನ್ನು ಪೂರ್ತಿ ತಳ್ಳಿಹಾಕಲೂ ನನಗೆ ಮನಸ್ಸಿಲ್ಲ. ನಾಲ್ವರು ಗೆಳೆಯರು ಕೂಡಿ ಆಡುವ ಆಟವಾಗಿದ್ದರೆ, ಮೂವರು ಈಗ ಆಡುತ್ತಿದ್ದರೆ, ಒಂದು ವರ್ಷ ಕಾದು ಕಡಿಮೆ ಬೆಲೆಗೆ ಕೊಂಡವನಿಗೆ ಆಟ ಸಿಗುತ್ತದೆ, ಗೆಳೆಯರು ಸಿಗುವುದಿಲ್ಲ. ಹುಣಸೆಮರದ ಕೆಳಗೆ ಲಗೋರಿ ಆಡಿದ ನಮಗೆ ಇದು ಅರ್ಥವಾಗಬೇಕು. ಅಂಥ ಕಡೆ ಪೂರ್ತಿ ಬೆಲೆ ಕೊಡುವುದು ದುಂದಲ್ಲ. ಒಬ್ಬನೇ ಕುಳಿತು ಆಡುವ ಕಥೆಯ ಆಟಕ್ಕೆ ಮಾತ್ರ ಈ ನೆಪ ಸಲ್ಲದು. ಆ ಕಥೆ ಮುಂದಿನ ಜೂನ್‌ನಲ್ಲೂ ಹಾಗೆಯೇ ಇರುತ್ತದೆ.

ಇಷ್ಟು ಓದಿದ ಕೆಲವು ಹಿರಿಯರು, ಇಷ್ಟೆಲ್ಲ ಏಕೆ, ಆಟಗಳನ್ನೇ ಮನೆಯಿಂದ ಹೊರಹಾಕಿ ಎನ್ನುವುದು ನನಗೆ ಕೇಳಿಸುತ್ತಿದೆ. ಅವರೊಡನೆಯೂ ನನಗೆ ಒಪ್ಪಿಗೆಯಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂತರ್ಜಾಲದ ಹಣದ ಆಟಗಳನ್ನು ನಿಷೇಧಿಸುವ ಕಾಯಿದೆ ತಂದಾಗ, ಎಲ್ಲ ಆಟಗಳೂ ನಿಂತವೆಂದು ನಮ್ಮಲ್ಲಿ ಹಲವರು ನಂಬಿದರು. ಆ ಕಾಯಿದೆ ಹೊಡೆದದ್ದು ಹಣ ಒಡ್ಡಿ ಹಣ ಗೆಲ್ಲುವ ಜೂಜಿಗೆ. ಒಮ್ಮೆ ಬೆಲೆ ಕೊಟ್ಟು ಕೊಂಡು ಆಡುವ ಆಟ ಪುಸ್ತಕದಂತೆ, ಸಿನಿಮಾದಂತೆ ಒಂದು ಸರಕು. ಒಳ್ಳೆಯದಿದೆ, ಕೆಟ್ಟದಿದೆ. ಎರಡನ್ನೂ ಒಂದೇ ಗೋಣಿಗೆ ತುಂಬಿ ಬಾವಿಗೆ ಎಸೆಯುವ ತಂದೆಯ ಮಾತನ್ನು ಮಗನು ಜೂಜಿನ ವಿಷಯದಲ್ಲೂ ಕೇಳದೆ ಹೋಗುವ ಅಪಾಯವಿದೆ.

ಇನ್ನೊಂದು ಗುಂಪಿದೆ: ಕದ್ದ ಪ್ರತಿಯಿರುವಾಗ ಬೆಲೆಯ ಚರ್ಚೆಯೇ ಬೇಡ ಎನ್ನುವವರು. ‘ಪೆನ್‌ಡ್ರೈವಿಗೆ ಹಾಕಿಸಿದರಾಯಿತು’ ಎಂಬ ಮಾತು ನಮ್ಮ ಧರ್ಮಕೇಂದ್ರದ ಅಂಗಳದಲ್ಲೇ ಕೇಳಿದ್ದೇನೆ, ಅದೂ ಪಾಪವೆಂಬ ಭಾವನೆಯಿಲ್ಲದೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ನೆಯ ಕಲಮಿನಂತೆ ಇಂಥದಕ್ಕೆ ಆರು ತಿಂಗಳಿಂದ ಮೂರು ವರ್ಷ ಸೆರೆವಾಸವನ್ನೂ ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡವನ್ನೂ ವಿಧಿಸಬಹುದು. ಕಾನೂನಿನ ಭಯ ಬಿಡಿ. ಕದ್ದ ಪ್ರತಿಯ ಜೊತೆ ಏನೇನು ಕಂಪ್ಯೂಟರಿನೊಳಗೆ ನುಸುಳುತ್ತದೆಂಬುದು, ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವ ತಂದೆಗೆ ತಿಳಿದಿರಬೇಕು. ಕಾಯುವವನು ನ್ಯಾಯವಾಗಿಯೇ ಕಡಿಮೆ ಕೊಡುತ್ತಾನೆ. ಹೀಗೆ ನೇರ ದಾರಿಯೇ ಅಗ್ಗವಾಗಿರುವಾಗ ಹಿತ್ತಿಲ ಗೋಡೆ ಹಾರುವುದೇಕೆ?

ಗಂಭೀರವಾದ ಆಕ್ಷೇಪಣೆ ಒಂದೇ. ಎಲ್ಲರೂ ಕಾಯುತ್ತ ಕುಳಿತರೆ ಆಟ ಮಾಡಿದವನ ಹೊಟ್ಟೆಗೇನು? ದುಡಿದವನಿಗೆ ಕೂಲಿ ಸಲ್ಲಬೇಕೆಂದು ಪೀಠದಿಂದ ಬೋಧಿಸುವ ನಾವೇ ಅರ್ಧ ಬೆಲೆಗೆ ಕಾಯಿರಿ ಎನ್ನಬಹುದೇ? ಪ್ರಶ್ನೆ ನ್ಯಾಯವಾದದ್ದು. ಈ ದುಡಿಮೆ ನಮ್ಮಿಂದ ದೂರವೂ ಅಲ್ಲ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ದೊಡ್ಡ ದೊಡ್ಡ ವಿದೇಶಿ ಆಟಗಳಿಗೆ ಚಿತ್ರ ಬರೆದುಕೊಟ್ಟವರು. 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡಿತು. ನಾಳೆ ರಾಯಚೂರಿನ ಐಐಐಟಿಯಲ್ಲಿ ಓದಿದ ಹುಡುಗಿಯೊಬ್ಬಳು ಅದೇ ಕೆಲಸಕ್ಕೆ ಸೇರಬಹುದು.

ಆದರೆ ನಾವು ಕೊಡುವ ಪೂರ್ತಿ ಬೆಲೆ ಆ ಹುಡುಗಿಗೆ ಮುಟ್ಟುವುದೇ? ಮೈಕ್ರೋಸಾಫ್ಟ್ ಸುಮಾರು 6,900 ಕೋಟಿ ಡಾಲರ್ ಸುರಿದು 2023ರ ಅಕ್ಟೋಬರಿನಲ್ಲಿ ಆಕ್ಟಿವಿಷನ್ ಬ್ಲಿಜರ್ಡ್ ಎಂಬ ಆಟದ ಕಂಪನಿಯನ್ನು ಕೊಂಡಿತು. 2024ರ ಜನವರಿಯಲ್ಲಿ ತನ್ನ ಆಟದ ವಿಭಾಗದಿಂದ 1,900 ಮಂದಿಯನ್ನು ಮನೆಗೆ ಕಳುಹಿಸಿತು. ಅಂಥ ಕಂಪನಿಯ ಆಟವನ್ನು ಜೂನ್‌ವರೆಗೆ ತಡೆದು ಕೊಂಡರೆ ಕೂಲಿಕಾರನ ಅನ್ನ ಕಸಿದಂತೆ ಎಂಬ ವಾದವನ್ನು ನಾನು ಒಪ್ಪಲಾರೆ. ರಿಯಾಯಿತಿಯನ್ನು ನಾವು ಬೇಡಿ ಪಡೆದದ್ದಲ್ಲ. ಮೊದಲು ಅವಸರದವನಿಂದ, ಆಮೇಲೆ ತಾಳ್ಮೆಯವನಿಂದ ಹಣ ಪಡೆಯುವುದು ಅವರೇ ಹಾಕಿಕೊಂಡ ಲೆಕ್ಕ.

ಚಿಕ್ಕವರ ಸಂಗತಿ ಬೇರೆ. 2016ರಲ್ಲಿ ಬಂದ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟವನ್ನು ಎರಿಕ್ ಬ್ಯಾರನ್ ಎಂಬ ಅಮೆರಿಕದ ಯುವಕ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕುಳಿತು ಮಾಡಿದ: ಚಿತ್ರವೂ ಅವನದೇ, ಸಂಗೀತವೂ ಅವನದೇ. ಅಜ್ಜನ ಹೊಲಕ್ಕೆ ಮರಳಿದವನೊಬ್ಬ ಕಳೆ ಕಿತ್ತು, ಬಿತ್ತಿ, ನೀರು ಹಾಯಿಸಿ, ಊರವರ ಸ್ನೇಹ ಗಳಿಸುವ ಆಟ ಅದು. (ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಯ ಭಾಗಕ್ಕೆ ಮುಟ್ಟಲಿಲ್ಲವೆಂದು ತಂದೆ ರಸ್ತೆಗಿಳಿದಿರುವಾಗ, ಮಾನ್ವಿಯ ಹುಡುಗ ಪರದೆಯ ಮೇಲಿನ ಗಜ್ಜರಿಗೆ ನೀರು ಹಾಕುತ್ತಿರುವುದು ನನಗೆ ನಗುವನ್ನೂ ನೋವನ್ನೂ ತರುತ್ತದೆ.) ಭಾರತದಲ್ಲಿ ಇದರ ಬೆಲೆಯನ್ನು 480 ರೂಪಾಯಿಯಷ್ಟಕ್ಕೇ ಇಟ್ಟಿದ್ದಾನೆ. 2024ರ ಮಾರ್ಚಿನಲ್ಲಿ, ಅಂದರೆ ಎಂಟು ವರ್ಷಗಳ ಮೇಲೂ, ದೊಡ್ಡದೊಂದು ಹೊಸ ಭಾಗವನ್ನು ಸೇರಿಸಿ ಹಳೆಯ ಗಿರಾಕಿಗಳಿಂದ ಒಂದು ಪೈಸೆ ಕೇಳಲಿಲ್ಲ. ನಮ್ಮ ದೇಶದಲ್ಲೇ ಪುಣೆಯ ನಾಡಿಂಗ್ ಹೆಡ್ಸ್ ಎಂಬ ಪುಟ್ಟ ತಂಡ 2020ರಲ್ಲಿ ‘ರಾಜಿ’ ಎಂಬ ಆಟ ತಂದಿತು. ಅಣ್ಣನಲ್ಲ, ಅಕ್ಕ ತಮ್ಮನನ್ನು ಹುಡುಕಿಕೊಂಡು ಹೋಗುವ ಕಥೆ ಅದರದು. ಇಂಥ ಆಟ ಮಾರಾಟವಾದಾಗ ಸ್ಟೀಮ್ ಅಂಗಡಿ ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಹಿಡಿದುಕೊಳ್ಳುತ್ತದೆ. ಉಳಿದುದರಲ್ಲಿ ತಂಡ ಬದುಕಬೇಕು, ಮುಂದಿನ ಆಟ ಮಾಡಬೇಕು. ಇಲ್ಲಿ ಪೂರ್ತಿ ಬೆಲೆಗೆ ಅರ್ಥವಿದೆ. ಮೊದಲ ವಾರವೇ ಕೊಡಿ, ಸಂತೋಷದಿಂದ ಕೊಡಿ. ನಮ್ಮವರು ಮಾಡುವುದು ಇದಕ್ಕೆ ತದ್ವಿರುದ್ಧ: ದೊಡ್ಡ ಕಂಪನಿಗೆ ಮುಂಗಡವಾಗಿ ಐದು ಸಾವಿರ, ಒಬ್ಬಂಟಿ ಯುವಕನ 480 ರೂಪಾಯಿಗೆ ‘ಸೇಲ್ ಬರಲಿ ನೋಡೋಣ’!

ಕೊಂಡದ್ದು ನಿಮ್ಮದೇ ಆಗುತ್ತದೆ ಎಂಬ ನಂಬಿಕೆಯನ್ನೂ ಸ್ವಲ್ಪ ಸಡಿಲಿಸಬೇಕಾಗಿದೆ. ಯೂಬಿಸಾಫ್ಟ್ ಕಂಪನಿ 2014ರಲ್ಲಿ ಮಾರಿದ ‘ದ ಕ್ರೂ’ ಎಂಬ ಕಾರಿನ ಆಟವು ಅಂತರ್ಜಾಲ ಸಂಪರ್ಕವಿಲ್ಲದೆ ನಡೆಯುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಅವರು ತಮ್ಮ ಸರ್ವರ್ ನಿಲ್ಲಿಸಿದರು. ಹಣ ಕೊಟ್ಟವರ ಕೈಯಲ್ಲಿ ಏನೂ ಉಳಿಯಲಿಲ್ಲ. ಅದೇ ವರ್ಷದ ಅಕ್ಟೋಬರಿನಿಂದ ಸ್ಟೀಮ್ ಕೂಡ ಹಣ ಕಟ್ಟುವಾಗ ‘ನೀವು ಪಡೆಯುತ್ತಿರುವುದು ಆಡುವ ಪರವಾನಗಿ’ ಎಂಬ ಅರ್ಥದ ಸೂಚನೆ ತೋರಿಸತೊಡಗಿತು. ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಇದರ ವಿರುದ್ಧ ಸಹಿ ಹಾಕಿದ್ದಾರೆ. ಅಣ್ಣ ಓದಿದ ಪುಸ್ತಕ ತಮ್ಮನಿಗೆ, ತಮ್ಮನಿಂದ ಚಿಕ್ಕಪ್ಪನ ಮಕ್ಕಳಿಗೆ ಹೋಗುವ ಮನೆಗಳು ನಮ್ಮವು. ಹಾಗೆ ಕೈಬದಲಾಗದ, ಮರಳಿ ಮಾರಲಾಗದ ಸರಕಿಗೆ ಗರಿಷ್ಠ ಬೆಲೆ ತೆರುವಾಗ ಎರಡು ಬಾರಿ ಯೋಚಿಸುವುದು ತಪ್ಪಲ್ಲ.

ಹಾಗಾದರೆ ಈ ಕ್ರಿಸ್ತಜಯಂತಿಗೆ ಏನು ಮಾಡಬೇಕು ಎಂದು ಕೇಳುವಿರಿ. ಸ್ಟೀಮಿನ ಚಳಿಗಾಲದ ಮಾರಾಟ 2024ರಲ್ಲಿ ಡಿಸೆಂಬರ್ 19ರಂದು, 2025ರಲ್ಲಿ ಡಿಸೆಂಬರ್ 18ರಂದು ಆರಂಭವಾಯಿತು. ಅಂದರೆ ಆಗಮನ ಕಾಲದ ಮೊದಲ ವಾರದಲ್ಲಿ ಪೂರ್ತಿ ಬೆಲೆಗೆ ಕೊಂಡ ಉಡುಗೊರೆ, ಹಬ್ಬಕ್ಕೆ ಮೊದಲೇ ಅಗ್ಗವಾಗುತ್ತದೆ. ಆಗಮನ ಕಾಲವೇ ಕಾಯುವ ಕಾಲವೆಂದು ನಾನು ವಿವರಿಸಬೇಕಾಗಿಲ್ಲ. ಮಗನಿಂದ ಈಗಲೇ ಸ್ಟೀಮಿನ ಬಯಕೆಪಟ್ಟಿಯಲ್ಲಿ ನಾಲ್ಕೈದು ಆಟಗಳನ್ನು ಬರೆಸಿ. ಬೆಲೆ ಇಳಿದಾಗ ಆ ಅಂಗಡಿಯೇ ಮಿಂಚಂಚೆ ಕಳುಹಿಸುತ್ತದೆ. ಆಟವೊಂದು ಹಿಂದೆ ಎಷ್ಟಕ್ಕೆ ಇಳಿದಿತ್ತೆಂಬುದನ್ನು ಸ್ಟೀಮ್‌ಡಿಬಿ ಎಂಬ ತಾಣ ತೋರಿಸುತ್ತದೆ. ಕೊಂಡವರು ಇತ್ತೀಚಿನ ದಿನಗಳಲ್ಲಿ ಬರೆದ ಅಭಿಪ್ರಾಯಗಳನ್ನು, ಹೊಗಳಿದ್ದನ್ನೂ ತೆಗಳಿದ್ದನ್ನೂ, ಜೊತೆಯಲ್ಲಿ ಕುಳಿತು ಓದಿ. ವಯಸ್ಸಿಗೆ ತಕ್ಕದ್ದೇ ಎಂದು ಅಲ್ಲಿಯೇ ನೋಡಿಕೊಳ್ಳಿ. ಕೊಂಡ ಮೇಲೂ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಮರಳಿಸುತ್ತದೆ; ಆದುದರಿಂದ ಮೊದಲ ಎರಡು ಗಂಟೆಯನ್ನು ರಜೆಯ ದಿನ ನಿಮ್ಮ ಕಣ್ಣೆದುರಿಗೇ ಆಡಲಿ. ಮತ್ತು ದಯವಿಟ್ಟು ಯುಪಿಐ ಪಿನ್ ಅನ್ನು ಮಗನಿಗೆ ಹೇಳಿಕೊಡಬೇಡಿ. ಹೇಳಿಕೊಟ್ಟಾಗಿದ್ದರೆ, ಈ ಸಂಚಿಕೆಯನ್ನು ಮಡಚಿಡುವ ಮೊದಲು ಬದಲಾಯಿಸಿ.